ನೀರು ನಿಲ್ಲಿಸಿದ ಸೊಸೆ

ಅತ್ತೆಯವರಿಗೆ ನಿಮ್ಮ ಸೊಸೆಯ ನಮಸ್ಕಾರ. ಇಲ್ಲಿ ನಾನು ಕೆಲಸಕ್ಕಿರುವ ತೋಟದಲ್ಲಿ ದ್ರಾಕ್ಷಿ ಈಗಷ್ಟೇ ಚಿಗುರಿದೆ. ನಿನ್ನೆ ಬೆಳಗ್ಗೆ ಎದ್ದು ನೋಡಿದರೆ ಕೊರೆಯುವ ಚಳಿ, ನೆಲವೆಲ್ಲ ಬೆಳ್ಳಗೆ ಹಿಮ. ಅಂಥದರಲ್ಲಿ ತೋಟದ ತುಂಬ ಸ್ಪ್ರಿಂಕ್ಲರುಗಳು ಬಳ್ಳಿಗಳ ಮೇಲೆ ನೀರು ಚಿಮ್ಮಿಸುತ್ತಿದ್ದವು! ಯಾರೋ ಮರೆತಿದ್ದಾರೆಂದು ಓಡಿಹೋಗಿ ವಾಲ್ವ್ ಮುಚ್ಚಿಬಿಟ್ಟೆ. ನೀರು ಪೋಲಾಗುವುದು ಕಂಡರೆ ಇಲ್ಲಿಯೂ ನಿಮ್ಮ ಗದರಿಕೆಯೇ ಕಿವಿಗೆ ಬೀಳುತ್ತದೆ.

ತೋಟದ ಯಜಮಾನಿ ಒಂದೇ ಕಾಲಿಗೆ ಬೂಟು ಹಾಕಿಕೊಂಡು ಓಡಿಬಂದರು. "ಅಯ್ಯೋ, ತೆಗಿ ತಾಯಿ! ಚಿಗುರಿನ ಮೇಲೆ ನೀರು ಹೆಪ್ಪುಗಟ್ತಾ ಇದ್ರೇನೇ ಅದಕ್ಕೆ ಕಾವು. ನಿಂತ್ರೆ ಎಲ್ಲಾ ಕರ್ರಗಾಗುತ್ತೆ. ಆಮೇಲೆ ಈ ವರ್ಷ ವೈನೂ ಇಲ್ಲ, ನಿಂಗೆ ಕೆಲಸಾನೂ ಇಲ್ಲ!" ಎಂದು ತಾವೇ ವಾಲ್ವ್ ತಿರುಗಿಸಿದರು.

ಬಿಸಿಲೇರುವವರೆಗೆ ನನಗೆ ಜೀವದಲ್ಲಿ ಜೀವವಿರಲಿಲ್ಲ. ಹೋಗಿ ನೋಡಿದರೆ, ಗಾಜಿನಂಥ ಮಂಜುಗಡ್ಡೆಯೊಳಗೆ ಒಂದೊಂದು ಚಿಗುರೂ ಹಸಿರಾಗಿಯೇ ಇತ್ತು. ಆಗ ಯಜಮಾನಿಯೂ ನಕ್ಕುಬಿಟ್ಟರು. "ಯಾರು ಕಲಿಸಿದ್ರು ನಿಂಗೆ ಈ ಬುದ್ಧಿ?" ಎಂದರು. ಕ್ಷಮಿಸಿ, "ನಮ್ಮತ್ತೆ" ಎಂದು ನಿಮ್ಮನ್ನೇ ಮುಂದೆ ಮಾಡಿಬಿಟ್ಟೆ.

ಕೈ ಬಿರುಕು ಬಿಟ್ಟಿದೆ, ಎಣ್ಣೆ ಹಚ್ಚುತ್ತಿದ್ದೇನೆ. ಕೆಮ್ಮು, ನೆಗಡಿ ಏನೂ ಇಲ್ಲ. ಕಾರ್ಡಿನಲ್ಲಿ ಜಾಗ ಮುಗಿಯಿತು, ಇದೊಂದು ಮಾತು ಹೇಳಿಬಿಡುತ್ತೇನೆ: ಇವತ್ತು ವಾಲ್ವಿನ ಪಕ್ಕದಲ್ಲಿ ಒಂದು ಹಲಗೆ ನೆಟ್ಟಿದ್ದಾರೆ. ಅದರ ಮೇಲೆ ಕೆಂಪು ಅಕ್ಷರದಲ್ಲಿ, "ಅತ್ತೆ ಹೇಳಿದರೂ ಮುಚ್ಚಬೇಡಿ."