ಪಂಡಿತರು ಕೇಳಿದ ಚಿಂತೆ

ದೊಡ್ಡಬಳ್ಳಾಪುರ
ಮಾರ್ಚ್ ೧೯೭೩

ಅಮ್ಮಾ,

ನೀನು ತೀರಿಕೊಂಡು ಆರು ತಿಂಗಳಾಯಿತು. ಅಂದಿನಿಂದ ತಲೆ ಬಾಚಿದರೆ ಕೂದಲು ಹಿಡಿ ಹಿಡಿಯಾಗಿ ಬರುತ್ತಿದೆ. ಇವತ್ತು ಬೆಳಿಗ್ಗೆ ಬಸ್ಸು ಹತ್ತಿ ದೇವನಹಳ್ಳಿಯ ಪಂಡಿತರಿಗೆ ತೋರಿಸಿಕೊಂಡು ಬಂದೆ.

ಅವರು ನಾಡಿ ಹಿಡಿದು, "ಚಿಂತೆ ಜಾಸ್ತಿ ಆದ್ರೆ ಪಿತ್ತ ಕೆರಳ್ತದೆ ಕಣಮ್ಮ. ಅದು ತಲೆಗೇರಿದ್ರೆ ಕೂದಲ ಬುಡ ನಿಲ್ಲಲ್ಲ. ಎಣ್ಣೆ ಕೊಡ್ತೀನಿ, ಆದ್ರೆ ಮನಸ್ಸು ತಣ್ಣಗಾಗದೆ ಎಣ್ಣೆ ಏನ್ಮಾಡ್ತದೆ?" ಅಂದರು. ಸೀಸೆಯ ಬಿರಡೆ ತೆಗೆದಾಗ ಗರಗದ ಸೊಪ್ಪಿನ ವಾಸನೆ ಬಂತು. ಆವತಿಯ ನಮ್ಮ ಜಗಲಿಯ ಮೇಲೆ ನೀನು ನನ್ನನ್ನು ಮುಂದೆ ಕೂರಿಸಿಕೊಂಡು ಅದೇ ಎಣ್ಣೆ ತಿಕ್ಕುತ್ತಿದ್ದೆ. "ಅಲ್ಲಾಡಬ್ಯಾಡ ಕಣೇ" ಎಂದು ತಲೆಗೆ ಮೊಟಕುತ್ತಿದ್ದೆ. ಆಗ ನಿನ್ನ ಜಡೆ ಸೊಂಟ ದಾಟುತ್ತಿತ್ತು.

ಪಂಡಿತರು ಯಾವೂರು, ಯಾರ ಮಗಳು ಎಂದು ಕೇಳಿದರು. ಹೇಳಿದೆ.

"ಆವತಿ ಪಾಪಮ್ಮನ ಮಗಳಾ? ನಿಮ್ಮಮ್ಮನೂ ಇದಕ್ಕೇ ಬಂದಿದ್ರು, ಆರು ವರ್ಷದ ಹಿಂದೆ. ಅಷ್ಟುದ್ದ ಕೂದಲು ಅರ್ಧಕ್ಕರ್ಧ ಉದುರೋಗಿತ್ತು. ಏನಮ್ಮ ಚಿಂತೆ ಅಂದ್ರೆ, ವಯಸ್ಸಾಯ್ತಲ್ಲ ಅಂತ ನಕ್ಬಿಟ್ರು."

ಆರು ವರ್ಷದ ಹಿಂದೆಯೇ ನಾನು ನಿನಗೆ ಹೇಳದೆ, ಮಗ್ಗದ ಕೆಲಸದ ಇವರನ್ನು ಕಟ್ಟಿಕೊಂಡು ಮನೆಬಿಟ್ಟು ಬಂದದ್ದು. ಎರಡು ವರ್ಷ ಒಂದು ಕಾಗದವನ್ನೂ ಬರೆಯಲಿಲ್ಲ. ಕೊನೆಗೊಮ್ಮೆ ಮನೆಗೆ ಬಂದಾಗ ನೀನು ತಲೆಯ ಮೇಲಿನ ಸೆರಗನ್ನು ಸಂಜೆಯವರೆಗೂ ತೆಗೆಯಲಿಲ್ಲ. ಕೇಳಿದ್ದಕ್ಕೆ "ಬಿಸಿಲು ಕಣೇ" ಎಂದೆ. ನಾನೂ ನಂಬಿದೆ.

"ಅವರಿಗೆ ಅಂಥಾ ಚಿಂತೆ ಏನಿತ್ತಮ್ಮ?" ಎಂದು ಪಂಡಿತರು ಕೇಳಿದರು.

ಗೊತ್ತಿಲ್ಲ ಅಂದುಬಿಟ್ಟೆ, ಅಮ್ಮಾ.

ನಿನ್ನ
ಸೊಣ್ಣಮ್ಮ