ಮೂಲೆಯ ಮೆಷಿನ್

ಜನವರಿ 9, ಮಂಗಳವಾರ

ಡಯಾಲಿಸಿಸ್ ಮುಗಿಸಿ ಬಂದು ಮಲಗಿದ್ದೆ. ತಲೆ ಬುಗುರಿಯಂತೆ ತಿರುಗುತ್ತಿತ್ತು. ನನ್ನ ಹತ್ತಿರ ಕಾರು ಕಲಿಯಲು ಬರುವ ಹುಡುಗಿಗೆ ಇವತ್ತು ಕ್ಲಾಸಿಲ್ಲ ಅಂತ ಮೆಸೇಜ್ ಹಾಕಿದೆ. ಅಷ್ಟರಲ್ಲಿ ಅಕ್ಕನ ಫೋನ್. ಅವಳ ಟೆಸ್ಟೆಲ್ಲ ಸರಿಯಾಗಿವೆಯಂತೆ.

"ನನ್ನ ಕಿಡ್ನಿ ಫಸ್ಟ್ ಕ್ಲಾಸಾಗಿದೆ ಕಣೇ. ನಿನ್ನ ಹತ್ರ ಬಂದ್ಮೇಲೆ ಹಾಳು ಮಾಡ್ಬೇಡ."

ಮಾರ್ಚ್‌ನಲ್ಲಿ ಆಪರೇಷನ್. ನನ್ನದು ಮಾಮೂಲಿ ರಕ್ತಪರೀಕ್ಷೆ ಮಾತ್ರ ಬಾಕಿ.

ಜನವರಿ 13, ಶನಿವಾರ

ಹೆಪಟೈಟಿಸ್ ಸಿ. ಪಾಸಿಟಿವ್.

ಡಾಕ್ಟರು ಮೆಲ್ಲಗೆ ಹೇಳಿದರು. "ಲಿವರ್ ಹಾಳು ಮಾಡೋ ವೈರಸ್ಸಮ್ಮಾ. ರಕ್ತದಿಂದ ರಕ್ತಕ್ಕೆ ಬರುತ್ತೆ. ಮಾತ್ರೆ ಇದೆ, ವಾಸಿ ಮಾಡಬಹುದು. ಆದ್ರೆ ಅಲ್ಲೀವರೆಗೂ ಆಪರೇಷನ್ ಬೇಡ."

ಹೋದ ಸಲದ ಪರೀಕ್ಷೆಯಲ್ಲಿ ಇರಲಿಲ್ಲ. ಎಲ್ಲಿಂದ ಬಂತು? "ಹೇಳೋದು ಕಷ್ಟ" ಅಂದರು. ನಾನು ರಕ್ತ ಹಾಕಿಸಿಕೊಂಡಿಲ್ಲ. ಹಲ್ಲು ಕೀಳಿಸಿಲ್ಲ. ಸೂಜಿ ಚುಚ್ಚಿಸಿಕೊಳ್ಳುವುದು ಒಂದೇ ಜಾಗದಲ್ಲಿ...

ಮನೆಗೆ ಬಂದು ಇವರಿಗೆ ಹೇಳಿದೆ. ನನ್ನ ಲೋಟದಲ್ಲಿ ಉಳಿದಿದ್ದ ಚಹಾ ಎತ್ತಿ ಕುಡಿದರು. ಬೇಕಂತಲೇ. ಮಗಳು ಮಾತ್ರ, "ಅಮ್ಮಾ, ನಿನ್ನ ಬ್ರಷ್ ಬೇರೆ ಇಡ್ಲಾ?" ಅಂದಳು. ಕೇಳಿದ್ದು ಸರಿಯೇ. ಆದರೂ ಚುಚ್ಚಿತು.

ಜನವರಿ 16, ಮಂಗಳವಾರ

ಮೂಲೆಗೆ ಹಾಕಿದರು. ಪಾಸಿಟಿವ್‌ನವರ ಮೆಷಿನ್ ಅಲ್ಲೇ. ಮೊದಲು ಪಕ್ಕದ ಮಂಚದಲ್ಲಿರುತ್ತಿದ್ದ ಅಜ್ಜ ಗಡಿಯಾರ ರಿಪೇರಿಯವರು. ಅಲ್ಲಿಂದಲೇ ಕೂಗಿದರು: "ಏನಮ್ಮಾ, ಪ್ರಮೋಷನ್ನಾ?"

ನಕ್ಕೆ. ಕಾರಣ ಹೇಳಲು ಬಾಯಿ ಬರಲಿಲ್ಲ.

ಸೂಜಿ ಹಾಕಿದ್ದು ಯಾವಾಗಲೂ ಹಾಕುವ ಅದೇ ಸಿಸ್ಟರ್. ಹೂವಿನಂಥ ಕೈ. ನೋವೇ ಗೊತ್ತಾಗದು.

ಜನವರಿ 23, ಮಂಗಳವಾರ

ಇಡೀ ಹಾಲಿಗೆ ಸಿಸ್ಟರ್ ಒಬ್ಬಳೇ. ಉಳಿದವರು ರಜೆ. ನನ್ನ ಸೂಜಿಯ ಬಳಿ ರಕ್ತ ಜಿನುಗಿತು. ಬಂದು ಒತ್ತಿ ಹಿಡಿದಳು. ಅಷ್ಟರಲ್ಲಿ ಅಜ್ಜನ ಮೆಷಿನ್ ಕೂಗಿತು. ಓಡಿದಳು... ಅದೇ ಗ್ಲೌಸ್‌ನಲ್ಲಿ. ಬೆರಳ ತುದಿಗೆ ನನ್ನ ರಕ್ತ ಅಂಟಿದ್ದು ಇಲ್ಲಿಂದಲೇ ಕಾಣುತ್ತಿತ್ತು.

"ಸಿಸ್ಟರ್!" ಕೇಳಿಸಲಿಲ್ಲ. ಸೂಜಿಗಳು ಕೈಯಲ್ಲಿ, ಏಳುವ ಹಾಗಿಲ್ಲ. ಅವಳು ಅಜ್ಜನ ಪೈಪಿಗೆ ಕೈ ಚಾಚುತ್ತಿದ್ದಳು. ಕಿರುಚಿದೆ.

"ಮುಟ್ಬೇಡಿ! ನನಗೆ ಹೆಪಟೈಟಿಸ್ ಇದೆ! ಗ್ಲೌಸ್ ತೆಗೀರಿ!"

ಎಲ್ಲರೂ ನನ್ನತ್ತ ತಿರುಗಿದರು. ಮೆಷಿನ್ ಕೂಗುತ್ತಲೇ ಇತ್ತು. ಸಿಸ್ಟರ್ ತನ್ನ ಕೈ ತಾನೇ ನೋಡಿಕೊಂಡಳು. ಮುಖ ಸುಣ್ಣ. ಗ್ಲೌಸ್ ಬಿಸಾಕಿ, ಕೈ ತೊಳೆದು, ಹೊಸದು ಹಾಕಿದಳು. ನನ್ನ ಕಡೆ ತಿರುಗಲಿಲ್ಲ.

ಗುಟ್ಟು ರಟ್ಟಾಯಿತು. ನನ್ನ ಬಾಯಿಂದಲೇ.

ಜನವರಿ 25, ಗುರುವಾರ

ಮ್ಯಾನೇಜರ್ ಕರೆಸಿದರು. ಡಾಕ್ಟರೂ ಇದ್ದರು. ನನ್ನ ಜೊತೆ ಅಕ್ಕ.

"ಬೇರೆ ಪೇಷಂಟ್ಸ್ ಹೆದರಿದ್ದಾರೆ. ನೀವು ಬೇರೆ ಸೆಂಟರ್ ನೋಡ್ಕೊಂಡ್ರೆ ನಿಮಗೇ ಒಳ್ಳೇದು."

ಅಕ್ಕ ಕುರ್ಚಿ ಸರಿಸಿ ಎದ್ದಳು. "ರೋಗ ಹತ್ತಿದ್ದು ಇಲ್ಲಿ, ಜಾಗ ಖಾಲಿ ಮಾಡೋಳು ಇವಳಾ? ಅತ್ತೆ ಒಡೆದ ಪಾತ್ರೆಗೆ ಬೆಲೆ ಇಲ್ಲ ಅನ್ನೋ ಹಾಗಾಯ್ತು!"

ಅವಳನ್ನು ಕೂರಿಸಿದೆ. "ಎಲ್ಲರ ರಕ್ತಾನೂ ಪರೀಕ್ಷೆ ಮಾಡಿಸಿ ಸರ್. ನಾನು ಎಲ್ಲೂ ಹೋಗಲ್ಲ."

ಮ್ಯಾನೇಜರ್ ಡಾಕ್ಟರ ಮುಖ ನೋಡಿದರು. "ಮಾಡಿಸ್ಲೇಬೇಕು" ಅಂದರು ಡಾಕ್ಟರು. "ನಾನೇ ಮುಂಚೆ ಹೇಳಬೇಕಿತ್ತು."

ಫೆಬ್ರವರಿ 3, ಶನಿವಾರ

ಇನ್ನಿಬ್ಬರಿಗೆ ಪಾಸಿಟಿವ್. ಇಬ್ಬರೂ ನಮ್ಮ ಪಾಳಿಯವರೇ. ಗೊತ್ತೇ ಇರಲಿಲ್ಲ ಅವರಿಗೆ. ನಾನೂ ಸೇರಿ ಮೂವರಿಗೂ ಇವತ್ತೇ ಮಾತ್ರೆ ಶುರು. ಗಡಿಯಾರದಜ್ಜನಿಗೆ ಇಲ್ಲ. ಮತ್ತೊಮ್ಮೆ ನೋಡಬೇಕಂತೆ, ಆದರೆ ಸದ್ಯಕ್ಕೆ ಇಲ್ಲ.

ಸಿಸ್ಟರ್ ಸೂಜಿ ಹಾಕಲು ಬಂದಳು. ನನಗೇ ಗೊತ್ತಿಲ್ಲದೆ ನನ್ನ ಕೈ ಹಿಂದೆ ಸರಿಯಿತು. ಅವಳು ನೋಡಿದಳು.

"ಕೆಲಸ ಹೋಗುತ್ತೆ ಅಂದ್ಕೊಂಡೆ ಅಕ್ಕಾ. ನಿಮ್ಮ ಮೇಲೆ ಕೋಪಾನೂ ಬಂತು." ಗ್ಲೌಸ್ ಡಬ್ಬ ಎತ್ತಿಕೊಂಡು, "ಆದ್ರೆ ಆ ಅಜ್ಜನಿಗೆ ಹತ್ತಿದ್ರೆ, ನಾನು ಹೇಗೆ ಊಟ ಮಾಡ್ತಿದ್ದೆ?"

ನನ್ನ ಕಣ್ಣೆದುರೇ ಹೊಸ ಗ್ಲೌಸ್ ಹಾಕಿದಳು. ಕೈ ಚಾಚಿದೆ. ಮೊದಲ ಬಾರಿಗೆ ನೋವಾಯಿತು. ಅವಳಿಗೆ ಎರಡು ಸಲ ಚುಚ್ಚಬೇಕಾಯಿತು.

ಮೇ 18, ಶನಿವಾರ

ಮಾತ್ರೆ ಮುಗಿದವು. ವೈರಸ್ ತಿರುಗಿ ಬರುತ್ತದೋ ಎಂದು ಇನ್ನೂ ಕಾಯಬೇಕು. ಈ ನಡುವೆ ಅಕ್ಕನ ಬಿ.ಪಿ. ಏರಿದೆ. ಇಳಿಯದಿದ್ದರೆ ಅವಳು ಕಿಡ್ನಿ ಕೊಡುವ ಹಾಗಿಲ್ಲ.

"ಉಪ್ಪು ಬಿಟ್ಟಿದೀನಿ. ಮುಖ ನೋಡಿದ್ರೆ ಗೊತ್ತಾಗಲ್ವೇನೇ, ಎಷ್ಟು ಸಪ್ಪೆಯಾಗಿದೀನಿ?"

ನಗಲು ಹೋದೆ. ಬರಲಿಲ್ಲ.

ಆಗಸ್ಟ್ 20, ಮಂಗಳವಾರ

ವೈರಸ್ ಇಲ್ಲ. ಡಾಕ್ಟರ ಬಾಯಿಂದ ಎರಡು ಸಲ ಹೇಳಿಸಿದೆ. ಅಕ್ಕನ ಬಿ.ಪಿ.ಯೂ ಇಳಿದಿದೆ. ಮಗಳು ಬಂದು ತಬ್ಬಿಕೊಂಡಳು. ಬಹಳ ಹೊತ್ತು ಬಿಡಲಿಲ್ಲ.

ಸೆಪ್ಟೆಂಬರ್ 11, ಬುಧವಾರ, ಬೆಳಿಗ್ಗೆ

ಅಕ್ಕನನ್ನು ಮೊದಲು ಒಳಗೆ ಕರೆದೊಯ್ದರು. ಟ್ರಾಲಿ ಮೇಲಿಂದಲೇ ಬೈದಳು. "ಅಳ್ಬೇಡ್ವೇ ಮಂಕೇ. ಕೊಡೋಳು ನಾನು, ಅಳೋಳು ನೀನಾ?" ಬಾಗಿಲು ಹಾಕಿಕೊಂಡಿತು. ಆ ಕಡೆಯಿಂದ ಅವಳ ದನಿ ಇನ್ನೂ ಸ್ವಲ್ಪ ಹೊತ್ತು ಕೇಳುತ್ತಿತ್ತು, ಯಾರಿಗೋ ಏನೋ ಜೋರು ಮಾಡುತ್ತಿದ್ದಳು. ಆಮೇಲೆ ಇಲ್ಲ.

ನನ್ನ ಟ್ರಾಲಿಯೂ ಬಂತು. ಇವರು ಪೆನ್ನು ಕೇಳುತ್ತಿದ್ದಾರೆ. ಒಂದೇ ಸಾಲು, ತಡೀರಿ.

ಅಕ್ಕಾ, ಎದ್ದ ಮೇಲೆ ಮೊದಲು ನೀನು ಬೈಯೋದು ಕೇಳಿಸ್ಬೇಕು ನನಗೆ, ಆಮೇಲೆ...