ಕಿಟಕಿ ತೆಗೆದು ನೋಡು

ಭಾವ,

ನಮ್ಮ ಎರಡು ಸೀಟಿನ ವಿಮಾನದ ರೋಗ ಇವತ್ತು ಸಿಕ್ಕಿತು. ಏರುತ್ತಿದ್ದೇವೋ ಇಳಿಯುತ್ತಿದ್ದೇವೋ ಎಂದು ತೋರಿಸುವ ಮುಳ್ಳು ಸುಳ್ಳು ಹೇಳುತ್ತದೆಂದು ನಾನು ಮೂರು ಮೀಟರ್ ಬದಲಿಸಿದ್ದೆನಲ್ಲ, ಮೂರೂ ಸಾಚಾ. ಇವತ್ತು ಮಟ್ಟವಾಗಿ ಹಾರುವಾಗ ಹೊಸ ಪೈಲಟಮ್ಮ ಸೆಕೆಯೆಂದು ಕಿಟಕಿ ತೆರೆದಳು, ಮುಳ್ಳು ಚಂಗನೆ ಜಿಗಿಯಿತು. ಮೀಟರಿಗೆ ಹೊರಗಿನ ಗಾಳಿಯ ಒತ್ತಡ ಮುಟ್ಟಿಸುವ ಕೊಳವೆ ಕೂದಲೆಳೆಯಷ್ಟು ಸೀಳಿ, ಒಳಗಿನ ಗಾಳಿ ಕುಡಿಯುತ್ತಿತ್ತು.

ಆರು ವರ್ಷದ ಹಿಂದೆ ನೀವು ಹೇಳಿದ್ದೂ ಅದನ್ನೇ: "ಮೀಟರ್ ಬಿಡೋ, ಹಾರ್ತಾ ಇರುವಾಗ ಕಿಟಕಿ ತೆಗೆದು ನೋಡು."

"ಗಾಳಿ ಬೇಕಾದ್ರೆ ಮನೆಗೆ ಹೋಗಿ ಭಾವ," ಅಂದೆ, ಎಲ್ಲರೆದುರು. ಶೆಡ್ಡಿಗೆ ಶೆಡ್ಡೇ ನಕ್ಕಿತು. ನೀವು ಸ್ಪ್ಯಾನರುಗಳನ್ನು ಒರೆಸಿಟ್ಟು ಹೋದವರು ಮತ್ತೆ ಬರಲಿಲ್ಲ. ಹೋದ ವರ್ಷ ನಿಮ್ಮ ಚಟ್ಟಕ್ಕೆ ಹೆಗಲು ಕೊಡಲು ನಾನೇ ಬಂದೆ. ನೀವು ಶೆಡ್ಡು ಬಿಟ್ಟಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದ ಅಕ್ಕ ಅಂದೂ ತುಟಿ ಬಿಚ್ಚಲಿಲ್ಲ.

ಇವತ್ತು ಕೆಳಗಿಳಿದ ಮೇಲೆ, ಇದನ್ನು ಮೊದಲು ಹೇಳಿದ್ದು ನಮ್ಮ ಭಾವ ಎಂದೆ. "ಹೌದಾ? ಅವರಿಗೆ ತಿಳಿಸಿದ್ರಾ ಸಾರ್?" ಅಂದಳು ಪೈಲಟಮ್ಮ. ಬಾಯಿಯನ್ನೇ ಬಂಡವಾಳ ಮಾಡಿಕೊಂಡು ಬದುಕಿದ ನಾನು ಕತ್ತರಿ ಹುಡುಕುವ ನೆಪದಲ್ಲಿ ಸ್ಪ್ಯಾನರ್ ಪೆಟ್ಟಿಗೆಗೆ ಬಗ್ಗಿದೆ.

ಕೊಳವೆಯ ಸೀಳಿದ ತುಂಡನ್ನು ಕತ್ತರಿಸಿ ಜೇಬಿಗಿಟ್ಟುಕೊಂಡಿದ್ದೇನೆ. ನಾಳೆ ಅಕ್ಕನ ಮುಂದೆ ಇಡುತ್ತೇನೆ. "ಏನೋ ಇದು?" ಅಂತಲಾದರೂ ಕೇಳಿಯಾಳು.